ಕಟ್ಟೆ ರೋಗಕ್ಕೆ ಸಾಲ ಬೇಡ

ವಾಗೆನಿಂಗೆನ್, ನೆದರ್‌ಲ್ಯಾಂಡ್ಸ್

ತೀರ್ಥರೂಪ ಅಪ್ಪಯ್ಯನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ, ಆಯಿಗೂ ಅಮ್ಮಮ್ಮನಿಗೂ ತಿಳಿಸಿರಿ.

ನಿಮ್ಮ ಪತ್ರ ಶುಕ್ರವಾರ ತಲುಪಿತು. ಕೆಳಗಿನ ತೋಟದ ಏಲಕ್ಕಿಗೆ ಕಟ್ಟೆ ರೋಗ ಬಂದಿದೆಯೆಂದೂ ಅಂಗಡಿಯವರು ಹೇಳಿದ ಔಷಧ ಹೊಡೆಸಲು ಸೊಸೈಟಿಯಲ್ಲಿ ಸಾಲ ಎತ್ತುವಿರೆಂದೂ ಬರೆದಿದ್ದೀರಿ. ಅಪ್ಪಯ್ಯ, ದಯವಿಟ್ಟು ಆ ಸಾಲ ಎತ್ತಬೇಡಿ. ಕಟ್ಟೆ ತರುವುದು ವೈರಸ್. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಂತೆ ಇದಕ್ಕೆ ಹೊಡೆಯುವ ಔಷಧವೇ ಇಲ್ಲ.

ಗಿಡ ತಾನಾಗಿ ಏನೂ ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದ್ದೀರಿ. ಮಾಡಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ರೋಗ ಬೀಳುವ ಬಹಳ ಮೊದಲೇ. ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವ ಸಸ್ಯಹೇನು ಚುಚ್ಚಿದ ಕೋಶದಲ್ಲಿ ವೈರಸ್ ತನ್ನ ತಳಿಬರಹವಾದ ಆರ್‌ಎನ್‌ಎಯನ್ನು ನಕಲು ಮಾಡುವಾಗ ಅದು ಜೋಡಿ ಎಳೆಯಾಗುತ್ತದೆ. ಗಿಡಕ್ಕೆ ಕಳ್ಳನ ಸುಳಿವು ಸಿಗುವುದು ಅಲ್ಲಿಯೇ. ಕೂಡಲೇ ಗಿಡ ಆ ಎಳೆಯನ್ನು 21-22 ಅಕ್ಷರಗಳ ತುಂಡುಗಳಾಗಿ ಕೊಚ್ಚಿ, ಅವುಗಳ ಗುರುತು ಹಿಡಿದು ಉಳಿದ ವೈರಸ್ಸನ್ನು ಹುಡುಕಿ ಕತ್ತರಿಸುತ್ತದೆ. ಅದರ ಜೊತೆಗೇ, ನೀವು ಕಾಲುವೆಗೆ ಸೊಪ್ಪು ಮಣ್ಣು ಕಟ್ಟಿ ನೀರು ತಡೆಯುವಂತೆ, ಪಕ್ಕದ ಕೋಶಕ್ಕೆ ಹೋಗುವ ಸೂಕ್ಷ್ಮ ಕಿಂಡಿಗಳನ್ನು ಕ್ಯಾಲೋಸ್ ಎಂಬ ವಸ್ತುವಿನಿಂದ ಬಿಗಿಯುತ್ತದೆ. ಹಿಂದಿನ ವಾರ ಎಲೆಯ ತುಂಡಿಗೆ ಅನಿಲಿನ್ ನೀಲಿ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡಿದೆ: ಕೋಶದ ಗೋಡೆಯುದ್ದಕ್ಕೂ ಆ ಬಿರಟೆಗಳು, ಎಳೆ ಕೂಡಿಸುವ ಮೊದಲಿನ ಆಯಿಯ ರಂಗೋಲಿ ಚುಕ್ಕಿಗಳಂತೆ, ಸಾಲಾಗಿ ಹೊಳೆಯುತ್ತಿದ್ದವು.

ಆದರೆ ವೈರಸ್ಸೂ ದಡ್ಡನಲ್ಲ. ಕಿಂಡಿ ಅಗಲಿಸುವುದಕ್ಕೂ ಗಿಡದ ಕತ್ತರಿಯನ್ನು ಮೊಂಡು ಮಾಡುವುದಕ್ಕೂ ಅದರ ಬಳಿ ಪ್ರೋಟೀನುಗಳಿವೆ. ನಿಮಗೆ ಸುಳಿಯೆಲೆಯಲ್ಲಿ ತಿಳಿಹಸಿರು ಗೀರು ಕಾಣುವ ಹೊತ್ತಿಗೆ ಅದು ಗೆಡ್ಡೆಗೂ ಇಳಿದಿರುತ್ತದೆ. ಹೇನಿಗೆ ಔಷಧ ಹೊಡೆದರೂ ಅದು ಸಾಯುವ ಮೊದಲೇ ಚುಚ್ಚಿ ಮುಗಿಸಿರುತ್ತದೆ. ಆದ್ದರಿಂದ ಗೀರು ಬಿದ್ದ ಹಿಂಡುಗಳನ್ನು ಗೆಡ್ಡೆಸಮೇತ ಕಿತ್ತು ಸುಡಿಸಿ. ತೋಟದಂಚಿನ ಕೆಸವನ್ನೂ ತೆಗೆಸಿ, ಅದು ಹೇನಿನ ಆಶ್ರಯ. ಪತ್ರೊಡೆಗೆ ಎಲೆಯಿಲ್ಲವೆಂದು ಅಮ್ಮಮ್ಮ ಬೈದರೆ ನನ್ನ ಹೆಸರು ಹೇಳಿ. ಕಟ್ಟೆ ಬೀಜದಿಂದ ಹರಡುವುದಿಲ್ಲ, ಬೀಜದ ಸಸಿಯನ್ನೇ ನೆಡಿಸಿ. ಅದರ ಖರ್ಚು ನನಗಿರಲಿ. ಇಲ್ಲಿ ಸಂಶೋಧನೆಗೆ ಸಂಬಳ ಕೊಡುತ್ತಾರೆ.

ಈ ಊರಿನವರು ಮಧ್ಯಾಹ್ನ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ಊಟವಾಯಿತೆನ್ನುತ್ತಾರೆ. ಆದರೆ 1886ರಲ್ಲಿ ಅಡಾಲ್ಫ್ ಮೇಯರ್ ತಂಬಾಕಿನ ಮೊಸಾಯಿಕ್ ರೋಗಕ್ಕೆ ಹೆಸರಿಟ್ಟು, ರೋಗದ ಎಲೆಯ ರಸದಿಂದ ಅದು ಅಂಟುತ್ತದೆಂದು ತೋರಿಸಿದ್ದು ಇದೇ ಊರಿನಲ್ಲಿ. 1979ರಲ್ಲಿ ಇಂಗ್ಲೆಂಡಿನಲ್ಲಿ ತಂಬಾಕಿನ ಎಲೆಗೆ ಮೊದಲೇ ಆಸ್ಪಿರಿನ್ ಚುಚ್ಚಿದಾಗ ಆ ಮೊಸಾಯಿಕ್ ರೋಗ ತರುವ ವೈರಸ್ಸಿನ ಮಚ್ಚೆಗಳು ಕಡಿಮೆಯಾದವು, ಏಕೆಂದರೆ ಗಿಡ ತನ್ನೊಳಗೆ ಅಪಾಯ ಸಾರುವುದೂ ಅದೇ ಜಾತಿಯ ಸ್ಯಾಲಿಸಿಲಿಕ್ ಆಮ್ಲದಿಂದ. ಇದನ್ನು ಕೇಳಿ ಆಯಿ ತನ್ನ ತಲೆನೋವಿನ ಗುಳಿಗೆಯನ್ನು ತೋಟಕ್ಕೆ ಒಯ್ಯದಿರಲಿ. ರೋಗ ಹತ್ತಿದ ಗಿಡಕ್ಕೆ ಅದರಿಂದ ಏನೂ ಆಗದು.

ನನ್ನ ಚಿಂತೆ ಬೇಡವೇ ಬೇಡ. ಚಳಿಗೆ ಕೋಟಿದೆ, ಅನ್ನ ಸಾರು ನಾನೇ ಮಾಡಿಕೊಳ್ಳುತ್ತೇನೆ, ಕೆಮ್ಮು ಪೂರ್ತಿ ಹೋಗಿದೆ, ತೂಕವೂ ಏರಿದೆ. ಎಲೆ ಕತ್ತರಿಸುವ ಹೊತ್ತಾಯಿತು, ಓಡಬೇಕು. ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.

ನಿಮ್ಮ ಮಗಳು