ಕಮಾನು ಸೇತುವೆ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿಯ ತುಂಗಾ ಸೇತುವೆ ಮೇಲೆ ಲಾರಿ ಕೆಟ್ಟು ನಿಂತ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹಳೇ ಸೇತುವೆಯಿಂದ ಸಂಚಾರಕ್ಕೆ ಅಡಚಣೆ ಅಂತ ಬರೆದಿದ್ದೀರಿ. ಸೇತುವೆ ಏನು ಮಾಡಿತು ಸ್ವಾಮಿ? ಕೆಟ್ಟಿದ್ದು ಲಾರಿ. ಬೈಪಾಸ್ ಇದ್ದರೂ ಅಷ್ಟು ದೊಡ್ಡ ಲೋಡನ್ನು ಊರೊಳಗೆ ಬಿಟ್ಟವರು ಯಾರು, ಅದನ್ನು ಬರೆಯಿರಿ.

ನಾನು ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಆಟೊ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಮಂಡಿ ನೋವಿರುವ ಅಮ್ಮನನ್ನು ಮಳೆಯಲ್ಲೇ ಸೇತುವೆ ಪೂರ್ತಿ ನಡೆಸಿದೆ, ಸಂದಿಯಲ್ಲಿ ನುಗ್ಗಿದ ಬೈಕಿನವನು ಇಬ್ಬರ ಸೀರೆಗೂ ಕೆಸರು ಹಾರಿಸಿ ಹೋದ, ಅಲ್ಲಿ ಹೋದರೆ ಡಾಕ್ಟರು ಎದ್ದು ಹೋಗಿದ್ದರು. ಇದೇ ಗಲಾಟೆಯಲ್ಲಿ ತಡವಾಗಿ ಹೋದ ಮಗ ಶಾಲೆಯಲ್ಲಿ ಕ್ಲಾಸಿನ ಹೊರಗೆ ನಿಂತ. ಒಬ್ಬ ಪೊಲೀಸೂ ಕಾಣಲಿಲ್ಲ.

ನಡೆಯುವಾಗ ಕಂಡಿದ್ದನ್ನೂ ಹೇಳ್ತೀನಿ. ನೀರು ಹೋಗುವ ತೂತುಗಳಲ್ಲಿ ಮಣ್ಣು, ಗುಟ್ಕಾ ಚೀಟಿ ತುಂಬಿ ರಸ್ತೆ ಮೇಲೇ ನೀರು ನಿಂತಿತ್ತು. ಅಂಚಿನ ಸಂದಿಯಲ್ಲಿ ಅಶ್ವತ್ಥದ ಗಿಡ, ಬುಡ ಆಗಲೇ ಹೆಬ್ಬೆರಳು ದಪ್ಪ ಆಗಿದೆ. ಆ ಬೇರು ಬಿರುಕು ಬಿಡಿಸುತ್ತೆ, ಬಿರುಕಿನಲ್ಲಿ ನೀರಿಳಿದು ಒಳಗಿನ ಕಂಬಿ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟ್ ಕಳಚಿ ಬೀಳುತ್ತೆ. ಇದು ಗಾರೆ ಮೇಸ್ತ್ರಿಗೂ ಗೊತ್ತು. ಎಂಜಿನಿಯರುಗಳಿಗೆ ಗೊತ್ತಿಲ್ವಾ?

1943ರಲ್ಲಿ, ಮಹಾಯುದ್ಧದ ಮಧ್ಯೆ, ಸಿಮೆಂಟು ಕಬ್ಬಿಣ ಸಿಗೋದೇ ಕಷ್ಟವಾಗಿದ್ದ ಕಾಲದಲ್ಲಿ ಕಟ್ಟಿದ ಸೇತುವೆ ಇದು. ಜಯಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಊರಲ್ಲಿ ಇವತ್ತಿಗೂ ವಿಶ್ವೇಶ್ವರಯ್ಯನವರ ಹೆಸರು ಹೇಳಿಯೇ ತೋರಿಸ್ತಾರೆ. ಮೇಲೆ ಬಿದ್ದ ಭಾರ ಕಮಾನಿನ ಗುಂಟ ಎರಡೂ ಬದಿಯ ಬುಡಕ್ಕೆ ಇಳಿಯುತ್ತೆ, ಎತ್ತಿನಗಾಡಿ ಕಾಲದ್ದು ಇವತ್ತು ಬಸ್ಸುಗಳನ್ನು ಹೊರುತ್ತಿರೋದು ಹಾಗೆ. ಹೊಳೆಯಲ್ಲಿರುವ ರಾಮಮಂಟಪ ಮುಳುಗಿದ ಮಳೆಗಾಲಗಳನ್ನೂ ಇದು ದಾಟಿ ಬಂದಿದೆ. ಇದನ್ನು ಕಾಪಾಡೋಕೆ ನಮ್ಮ ಕೈಲಿ ಆಗಲ್ಲ ಅಂದ್ರೆ ಏನು?

ಹೊಳೆಯಲ್ಲಿ ಎಳ್ಳಮಾವಾಸ್ಯೆ ತೆಪ್ಪೋತ್ಸವ ಬಂದಾಗ ಮಾತ್ರ ಎಲ್ಲರಿಗೂ ಸೇತುವೆ ನೆನಪಾಗುತ್ತೆ. ಅಧಿಕಾರಿಗಳ ಕಥೆ ಯಾವಾಗಲೂ ಇಷ್ಟೇ. ನಮ್ಮ ಬೀದಿ ಚರಂಡಿಗೆ ಅರ್ಜಿ ಕೊಟ್ಟರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂದರು, ಆಮೇಲೆ ಸಾಹೇಬರಿಗೇ ವರ್ಗವಾಯಿತು, ಹೊಸಬರಿಗೆ ಫೈಲೇ ಸಿಗಲಿಲ್ಲ. ಬೀದಿದೀಪದ್ದೂ ಅದೇ ಪಾಡು.

ದೊಡ್ಡ ಲಾರಿಗಳನ್ನು ತಡೆಯಿರಿ, ಇಲ್ಲಾಂದ್ರೆ ಸೇತುವೆ ರಿಪೇರಿ ಮಾಡಿ. ಎರಡನ್ನೂ ಮಾಡಿ. ಒಂದು ಗಿಡ ಕೀಳೋಕೂ ಟೆಂಡರ್ ಬೇಕಾ? ತಿಂಗಳು ತಿಂಗಳು ಸಂಬಳ ಎಣಿಸೋರಿಗೆ ಒಂದಿಷ್ಟಾದರೂ ನಾಚಿಕೆ ಬೇಡ್ವಾ?

– ನೊಂದ ಓದುಗಿ, ತೀರ್ಥಹಳ್ಳಿ