ಮಲ್ಪೆಯ ಗೆಳೆಯನಿಗೆ, ಕೊಚ್ಚಿಯಿಂದ

ಪ್ರೀತಿಯ ಗೆಳೆಯಾ,

ಮಗನ ಐಟಿಐ ಮುಗಿದದ್ದು ಕೇಳಿ ತುಂಬಾ ಖುಷಿಯಾಯಿತು. ಅವನನ್ನು ಅಲ್ಲೇ ಮಲ್ಪೆಯ ಶಿಪ್‌ಯಾರ್ಡಿಗೆ ವೆಲ್ಡರ್ ಆಗಿ ಸೇರಿಸಲಾ, ಗಲ್ಫಿಗೆ ಕಳಿಸಲಾ ಎಂದು ಕೇಳಿದ್ದೀಯ. ನೇವಿಯ ಕೆಲಸ ಇಲ್ಲದ ಯಾರ್ಡು ಎಷ್ಟು ದಿನ ನಡೆದೀತು ಎಂಬ ಭಯವೂ ನಿನಗಿದೆ. ಸೇರಿಸು. ಯಾಕೆ ಅಂತ ಹೇಳುತ್ತೇನೆ.

ಇಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ನೇವಿಯ ವಿಮಾನ ಹೊರುವ ಹಡಗು ವಿಕ್ರಾಂತ್ ಎದ್ದು ನಿಂತದ್ದನ್ನು ಕಣ್ಣಾರೆ ಕಂಡವನು ನಾನು. 2009ರಲ್ಲಿ ಕೀಲ್, ಅಂದರೆ ಹಡಗಿನ ತಳದ ಬೆನ್ನೆಲುಬು, ಇಟ್ಟರು, 2022ರಲ್ಲಿ ನೇವಿಗೆ ಒಪ್ಪಿಸಿದರು. 262 ಮೀಟರ್ ಉದ್ದದ ಹಡಗು, ನಮ್ಮ ದೇಶದಲ್ಲೇ ತಯಾರಾದ ಉಕ್ಕು. ಆ ಹೆಮ್ಮೆ ಇವತ್ತಿಗೂ ಹೋಗಿಲ್ಲ. ಆದರೆ ಅಂಥ ಇನ್ನೊಂದು ಆರ್ಡರ್ ಆಮೇಲೆ ಬರಲಿಲ್ಲ. ವಿಮಾನ ಹೊರುವ ಹಡಗನ್ನು ಯಾರೂ ವರ್ಷಕ್ಕೊಂದು ಕಟ್ಟಿಸುವುದಿಲ್ಲ ಅಲ್ವಾ. ದೊಡ್ಡ ಕೆಲಸ ಮುಗಿದಾಗ ಮೊದಲು ಗಂಟುಮೂಟೆ ಕಟ್ಟುವವರು ಗುತ್ತಿಗೆಯ ವೆಲ್ಡರ್, ಫಿಟ್ಟರ್‌ಗಳೇ.

ನೇವಿಯ ಸಣ್ಣ ಹಡಗುಗಳ ಕೆಲಸ ಈಗಲೂ ಇಲ್ಲಿದೆ. ಜೊತೆಗೆ ಯಾರ್ಡು ವ್ಯಾಪಾರದ ಹಡಗುಗಳ ಕಡೆ ವಾಲುತ್ತಿದೆ. 2025ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಸಿಎಂಎ ಸಿಜಿಎಂ ಕಂಪನಿ, ಎಲ್‌ಎನ್‌ಜಿಯಲ್ಲಿ (ದ್ರವರೂಪದ ನೈಸರ್ಗಿಕ ಅನಿಲದಲ್ಲಿ) ಓಡುವ ಆರು ಕಂಟೇನರ್ ಹಡಗುಗಳನ್ನು ಇಲ್ಲಿ ಕಟ್ಟಿಸುವ ಇರಾದೆಗೆ ಸಹಿ ಹಾಕಿತು. ಈ ದಾರಿ ನಮಗೆ ಹೊಸದೇನಲ್ಲ. ಇಲ್ಲಿ ಕಟ್ಟಿದ ಮೊದಲ ಹಡಗು ರಾಣಿ ಪದ್ಮಿನಿ ಸರಕಿನ ಹಡಗೇ. ಅದು ಹೊರಟದ್ದು 1981ರಲ್ಲಿ.

ನಿಮ್ಮ ಮಲ್ಪೆಯನ್ನೇ ನೋಡು. ದಿವಾಳಿಯಾಗಿದ್ದ ಟೆಬ್ಮಾ ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು. ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ಗಳ ಕೆಲಸ ಬಂತು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ 3,800 ಟನ್ನಿನ ಆರು ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಿತು. ಅದೇ ಕಂಪನಿ ಮರುವರ್ಷ 6,300 ಟನ್ನಿನವು ಬೇಕೆಂದು ಮತ್ತೆ ಬಂತು. ಗಿರಾಕಿ ಎರಡನೇ ಸಲ ಬರುವುದು ಸುಮ್ನೆ ಅಲ್ಲ.

ಆದರೆ ಈ ಕೆಲಸದ ಬಿಗಿ ಬೇರೆ, ಮಗನಿಗೆ ಹೇಳು. ಯುದ್ಧನೌಕೆಯಲ್ಲಿ ಕಟ್ಟುತ್ತಿರುವಾಗಲೇ ನಕ್ಷೆ ಬದಲಾಗುವುದುಂಟು. ಸರಕು ಹಡಗಿನಲ್ಲಿ ಬೆಲೆ ಮೊದಲೇ ನಿಗದಿ, ತಾರೀಖು ತಪ್ಪಿದರೆ ದಂಡ. ಎಕ್ಸ್‌ರೇಯಲ್ಲಿ ಒಂದು ಜಾಯಿಂಟ್ ಫೇಲಾದರೆ ಕೆತ್ತಿ ತೆಗೆದು ಮತ್ತೆ ವೆಲ್ಡ್ ಹಾಕುವ ಖರ್ಚು ಯಾರ್ಡಿನದೇ. ಒಂದೇ ನಕ್ಷೆಯ ಹಡಗುಗಳು ಸಾಲಾಗಿ ಬರುವುದರಿಂದ ಕೈ ಪಳಗುತ್ತದೆ. ಮೊದಲ ಹಡಗಿನಲ್ಲಿ ತಡವರಿಸಿದ ಬ್ಲಾಕು, ಅಂದರೆ ಹಡಗಿನ ಒಡಲಿನ ಒಂದು ಭಾಗ, ಮೂರನೆಯದರಲ್ಲಿ ಸಲೀಸು. ಎಳೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ?

ಪ್ರಪಂಚದ ಹಡಗುಗಳಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಕಟ್ಟುವುದು ಚೀನಾ, ಕೊರಿಯಾ, ಜಪಾನ್. ನಮ್ಮದು ಶೇಕಡಾ ಒಂದೂ ಇಲ್ಲ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಹಡಗು ಕಟ್ಟುವ ಉದ್ಯಮಕ್ಕೆ 69,725 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಕ್ರೇನು, ಡಾಕು ಬರಲಿ, ಬೇಕು. ಆದರೆ ಟ್ಯಾಂಕಿನೊಳಗೆ ಬೆವರು ಸುರಿಸುವ ಗುತ್ತಿಗೆ ಹುಡುಗರ ಕೂಲಿಗೂ ತರಬೇತಿಗೂ ಅದರಲ್ಲಿ ಪಾಲು ಸಿಗಲೇಬೇಕು. ಕಡಿಮೆ ಬೆಲೆಗೆ ಹಡಗು ಕೊಡುವ ಭಾರವೆಲ್ಲ ಅವರ ಬೆನ್ನ ಮೇಲೆ ಬೀಳಬಾರದು.

ಅದಕ್ಕೇ ಎರಡು ಮಾತು. ಗುತ್ತಿಗೆದಾರನ ಮೂಲಕ ಸೇರುವುದಾದರೆ ಪಿಎಫ್, ಇಎಸ್‌ಐ ಕಟ್ಟುತ್ತಾನಾ ಎಂದು ಕೇಳಿಕೊಂಡೇ ಸೇರಲಿ. ಹಡಗಿನ ಗುಣಮಟ್ಟ ಪರೀಕ್ಷಿಸುವ ಸರ್ವೇಯರ್ ಎದುರು ಟೆಸ್ಟ್ ಕೊಟ್ಟು ವೆಲ್ಡರ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ. ಅದು ಕೈಯಲ್ಲಿದ್ದರೆ ಗಲ್ಫ್ ಎಲ್ಲಿಗೂ ಓಡಿಹೋಗುವುದಿಲ್ಲ. ಟೆಸ್ಟಿನ ದಿನ ಗೊತ್ತಾದ ಕೂಡಲೇ ಫೋನ್ ಮಾಡು. ರಜೆ ಹಾಕಿ ಬಂದು ನಾನೇ ಅವನಿಗೆ ಅಭ್ಯಾಸ ಮಾಡಿಸುತ್ತೇನೆ.

ನಿನ್ನ ಗೆಳೆಯ