ಟ್ಯಾಂಕ್ ಬದಲಾಗುತ್ತೆ, ಅದರೊಳಗಿನ ಮೀನು ಬದಲಾಗಲ್ಲ

ಸಂಪಾದಕರಿಗೆ ನಮಸ್ಕಾರ,

ಸಿಹಿನೀರಿನ ಅಕ್ವೇರಿಯಂನ ಉಪ್ಪುನೀರಿನ ಟ್ಯಾಂಕ್ ಮಾಡ್ಕೊಳ್ಳೋ ಬಗ್ಗೆ ನಿಮ್ಮ ಪತ್ರಿಕೆಲಿ ಬಂದಿದ್ದ ಬರಹ ಓದಿದೆ. ಈ ವಿಷಯಕ್ಕೆ ಜಾಗ ಕೊಟ್ರಲ್ಲ ಅಂತ ಖುಷಿ ಆಯ್ತು. ಆದ್ರೆ ದಿನಾ ಸ್ವಲ್ಪ ಸ್ವಲ್ಪ ಉಪ್ಪು ಹಾಕ್ತಾ ಹೋದ್ರೆ ಹಳೇ ಮೀನುಗಳೂ ಹೊಂದ್ಕೊಳ್ತವೆ ಅಂತ ಒಂದು ಸಾಲು ಇತ್ತು ನೋಡಿ, ಅದನ್ನ ನಂಬಿ ಯಾರಾದ್ರೂ ನಾಳೆ ಬೆಳಿಗ್ಗೆನೇ ಶುರು ಹಚ್ಕೊಂಡ್ರೆ ಏನು ಗತಿ ಅಂತ ಮನಸ್ಸು ತಡೀಲಿಲ್ಲ, ಅದಕ್ಕೇ ಬರೀತಿದೀನಿ.

ಗೋಲ್ಡ್ ಫಿಶ್, ಟೆಟ್ರಾ, ಏಂಜಲ್ ಇವ್ಯಾವೂ ಹೊಂದ್ಕೊಳ್ಳಲ್ಲ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಜಾಸ್ತಿ ಉಪ್ಪಿರುತ್ತೆ, ಹಾಗಾಗಿ ನೀರು ತಾನಾಗೇ ಒಳಗೆ ಬರ್ತಾ ಇರುತ್ತೆ, ಬಂದಿದ್ದನ್ನೆಲ್ಲ ಕಿಡ್ನಿ ಹೊರಗೆ ಹಾಕ್ತಾ ಇರುತ್ತೆ. ಸಮುದ್ರದ ನೀರಲ್ಲಿ ಇದು ಪೂರ್ತಿ ಉಲ್ಟಾ, ಮೈಯಲ್ಲಿರೋ ನೀರೇ ಹೊರಗೆ ಹೋಗ್ತಾ ಹೋಗುತ್ತೆ, ಸುತ್ತ ಅಷ್ಟೊಂದು ನೀರಿದ್ದೂ ಮೀನು ಒಣಗಿ ಸಾಯುತ್ತೆ. ಕಡಲ ಮೀನು ಉಪ್ಪುನೀರು ಕುಡಿದು, ಹೆಚ್ಚಾದ ಉಪ್ಪನ್ನ ಕಿವಿರಿನಿಂದ ಆಚೆ ಹಾಕಿ ಬದುಕುತ್ತೆ, ಇವಕ್ಕೆ ಆ ಶಕ್ತಿ ಇಲ್ಲ. ಮೋಲಿ ಒಂದು ನಿಧಾನಕ್ಕೆ ಒಗ್ಗಿಸಿದ್ರೆ ಕಡಲ ನೀರಲ್ಲೂ ಇರುತ್ತೆ, ಬಹುಶಃ ಅದನ್ನ ನೋಡಿನೇ ಆ ಸಾಲು ಬರೆದಿರಬಹುದು. ಉಳಿದ ಮೀನುಗಳನ್ನ ಚೆನ್ನಾಗಿ ನೋಡ್ಕೊಳ್ಳೋರಿಗೆ ಕೊಟ್ಟಾದ ಮೇಲೇನೇ ಕೆಲಸ ಶುರು ಮಾಡ್ಬೇಕು. ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ, ಅಲ್ಲಿರೋ ಮೀನುಗಳಿಗೆ ಅದು ತೊಂದ್ರೆ.

ಮೀನಿನ ಹಾಗೇನೇ ಫಿಲ್ಟರ್ ಒಳಗಿನ ಬ್ಯಾಕ್ಟೀರಿಯಾನೂ, ಮೀನಿನ ಗಲೀಜಿಂದ ಬರೋ ಅಮೋನಿಯಾ ಅನ್ನೋ ವಿಷಾನ ಒಡೆದು ಹಾಕೋದು ಇವೇ. ಇದು ನಾನೇ ಮಾಡಿದ ತಪ್ಪು. ಹಳೇ ಸ್ಪಂಜು ಹಾಗೇ ಇದೆಯಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತೆ ಅಂದ್ಕೊಂಡು ಉಪ್ಪುನೀರು ತುಂಬಿದ 8ನೇ ದಿನಕ್ಕೇ ಎರಡು ಕ್ಲೌನ್‌ಫಿಶ್ ತಂದು ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಲೈಟ್ ಹಾಕಿ ನೋಡ್ತೀನಿ, ಎರಡೂ ಮೇಲ್ಗಡೆ ಮೂಲೇಲಿ ನೀರಿನ ಅಂಚಿಗೆ ಬಾಯಿ ಇಟ್ಕೊಂಡು ನಿಂತಿದಾವೆ, ಕಿವಿರು ಪಟಪಟ ಬಡ್ಕೊಳ್ತಿದೆ, ಊಟ ಹಾಕಿದ್ರೆ ತಿರುಗಿನೂ ನೋಡ್ತಿಲ್ಲ. ನೀರು ನೋಡಿದ್ರೆ ಕನ್ನಡಿ ಥರ ತಿಳಿ. ಅಮೋನಿಯಾ ಟೆಸ್ಟ್ ಮಾಡಿದ್ರೆ ಹಳದಿ ಇರಬೇಕಾದ ಟ್ಯೂಬು ಕಡು ಹಸಿರು ತಿರುಗ್ತು. ಸಂಜೆಗೆ ಒಂದು ಹೋಯ್ತು, ಮಾರನೇ ದಿನ ಇನ್ನೊಂದು. ಸಿಹಿನೀರಲ್ಲಿ ಬೆಳೆದ ಬ್ಯಾಕ್ಟೀರಿಯಾ ಅಷ್ಟು ಉಪ್ಪಿನಲ್ಲಿ ಕೆಲಸ ಮಾಡಲ್ಲ, ಎಲ್ಲ ಮೊದಲಿಂದ ಬೆಳೀಬೇಕು, ಸಾಮಾನ್ಯವಾಗಿ 4ರಿಂದ 6 ವಾರ, ಕೆಲವು ಸಲ ಇನ್ನೂ ಜಾಸ್ತಿ. ಅದೂ ಅಲ್ದೆ ಕಡಲ ನೀರಿನ ಪಿಎಚ್ 8.1ರಿಂದ 8.4 ಇರೋದ್ರಿಂದ ಅದೇ ಅಮೋನಿಯಾ ಅಲ್ಲಿ ಹೆಚ್ಚು ವಿಷ. ಅಮೋನಿಯಾ, ಅದು ಒಡೆದಾಗ ಬರೋ ಇನ್ನೊಂದು ವಿಷ ನೈಟ್ರೈಟ್, ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯೋವರೆಗೂ ಮೀನು ತರಬೇಡಿ, ಎಷ್ಟೇ ಆಸೆ ಆದ್ರೂ.

ಹಳೇ ಗ್ರಾವೆಲ್, ಮರದ ತುಂಡು ತೆಗೆದುಬಿಡಿ, ಹವಳದ ಮರಳು ಹಾಕಿ. ಆ ಟ್ಯಾಂಕಿಗೆ ಯಾವತ್ತಾದ್ರೂ ತಾಮ್ರ ಇರೋ ಔಷಧಿ ಹಾಕಿದ್ರೆ ಗ್ರಾವೆಲ್‌ನಲ್ಲೂ ಮೂಲೆಲಿ ಗಾಜು ಅಂಟಿಸಿರೋ ಸಿಲಿಕೋನ್‌ನಲ್ಲೂ ತಾಮ್ರ ಉಳ್ಕೊಂಡಿರಬಹುದು, ಸಿಗಡಿ, ಬಸವನಹುಳು, ಹವಳ ಇವು ಅದನ್ನ ತಡ್ಕೊಳ್ಳಲ್ಲ, ಅಂಥ ಟ್ಯಾಂಕಲ್ಲಿ ಮೀನಷ್ಟೇ ಸಾಕೋದು ಕ್ಷೇಮ.

ಉಪ್ಪು ಅಂದ್ರೆ ಅಡುಗೆ ಉಪ್ಪಲ್ಲ, ಮರೈನ್ ಸಾಲ್ಟ್, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿರುತ್ತೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಬೇಕು, ನೀರಿನ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) ತೋರಿಸೋ ಮೀಟರಲ್ಲಿ 1.023ರಿಂದ 1.026ರೊಳಗೆ. ಮೀನಿರೋ ಟ್ಯಾಂಕಿಗೆ ನೇರವಾಗಿ ಉಪ್ಪು ಸುರೀಬೇಡಿ. ಬೇರೆ ಬಕೆಟ್‌ನಲ್ಲಿ ಆರ್‌ಓ ನೀರು ತಗೊಂಡು, ಉಪ್ಪು ಬೆರೆಸಿ, ಸಣ್ಣ ಪಂಪು, ಹೀಟರ್ ಹಾಕಿ ಒಂದು ದಿನ ಬಿಟ್ಟು ಆಮೇಲೆ ಅಳತೆ ನೋಡಿ. ಇನ್ನೊಂದು, ನೀರು ಆವಿಯಾದಾಗ ಉಪ್ಪು ಟ್ಯಾಂಕಲ್ಲೇ ಉಳಿಯುತ್ತೆ, ಹಾಗಾಗಿ ಕಮ್ಮಿಯಾದಷ್ಟು ಬರೀ ಸಿಹಿನೀರು ಸೇರಿಸಬೇಕು, ಉಪ್ಪುನೀರಲ್ಲ. ನಾನು ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡ್ಕೊಂಡಿದೀನಿ, ದಿನಾ ಬೆಳಿಗ್ಗೆ ಅಲ್ಲಿವರೆಗೆ ತುಂಬಿಸ್ತೀನಿ.

ಇದೆಲ್ಲ ಮೀನಿನ ಮಾತಾಯ್ತು. ನಿಮ್ಮ ಬರಹದಲ್ಲಿ ಮನುಷ್ಯರ ಬಗ್ಗೆ ಒಂದು ಮಾತೂ ಇರಲಿಲ್ಲ. ಲೈವ್ ರಾಕ್, ಅಂದ್ರೆ ಜೀವಿಗಳು ಅಂಟ್ಕೊಂಡಿರೋ ಕಡಲ ಕಲ್ಲು, ಕ್ಲೀನ್ ಮಾಡೋಕೆ ಅಂತ ದಯವಿಟ್ಟು ಯಾರೂ ಅದನ್ನ ಕುದಿಸಬೇಡಿ. ಕಲ್ಲಿಗೆ ಅಂಟ್ಕೊಂಡಿರೋ ಜೊಆಂಥಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ, ಕುದಿಸಿದಾಗ ಆ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿದಾವೆ. ಬ್ರಷ್‌ನಿಂದ ಉಜ್ಜೋವಾಗಲೂ ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ. ಹಾಗೇ ಕರೆಂಟು. ಉಪ್ಪುನೀರು ಹನಿ ಹನಿಯಾಗಿ ಚಿಮ್ಮಿ ವೈರು, ಪ್ಲಗ್ಗಿನ ಮೇಲೆ ಬಿಳಿ ಪೊರೆ ಕಟ್ಟುತ್ತೆ, ಸಿಹಿನೀರಿಗಿಂತ ಇದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ. ವೈರು ಪ್ಲಗ್ಗಿಗೆ ಹೋಗೋ ಮುಂಚೆ ಕೆಳಗೆ ಜೋತು ಬಿದ್ದಿರಲಿ, ಹನಿ ಅಲ್ಲೇ ಉದುರುತ್ತೆ. ಕೈ ಹಾಕೋ ಮುಂಚೆ ಎಲ್ಲ ಸ್ವಿಚ್ ಆಫ್ ಮಾಡಿ.

ಇಷ್ಟುದ್ದ ಪತ್ರಕ್ಕೆ ಜಾಗ ಸಿಗಲ್ಲ ಅಂತ ಗೊತ್ತು. ಪೂರ್ತಿ ಹಾಕೋಕೆ ಆಗದಿದ್ರೆ ಹಳೇ ಮೀನು ಹೊಂದ್ಕೊಳ್ತವೆ ಅನ್ನೋ ಆ ಸಾಲಿಗೆ ಒಂದು ತಿದ್ದುಪಡಿ, ಕಲ್ಲು ಕುದಿಸಬಾರದು ಅನ್ನೋ ಒಂದು ಸಾಲು, ಇವೆರಡನ್ನಾದ್ರೂ ಈ ವಾರವೇ ಹಾಕಿ ಸರ್.

ಇಂತಿ,
ನಿಮ್ಮ ಓದುಗ